ಆರೋಗ್ಯ ವಿಜ್ಞಾನ, ಆರೋಗ್ಯ ಶಿಕ್ಷಣದಲ್ಲಿ ಸ್ನಾತಕೋತ್ತರ ಓದು: ಯಾವ ಕೆಲಸಕ್ಕೆ ಯಾವ ಪದವಿ

ಪದವಿ ಮುಗಿಸಿ ಆರೋಗ್ಯ ಕ್ಷೇತ್ರದಲ್ಲಿ ಮುಂದೆ ಓದಬೇಕೆಂದುಕೊಂಡವರನ್ನು ಮೊದಲು ಗೊಂದಲಕ್ಕೆ ಕೆಡಹುವುದು ಪದವಿಗಳ ಹೆಸರುಗಳೇ. ಸಾರ್ವಜನಿಕ ಆರೋಗ್ಯದ ಎಂಪಿಎಚ್, ಆರೋಗ್ಯ ವಿಜ್ಞಾನದ ಎಂಎಸ್‌ಸಿ, ಆರೋಗ್ಯ ಶಿಕ್ಷಣದ ಎಂಎಡ್, ಆರೋಗ್ಯ ಆಡಳಿತದ ಎಂಎಚ್‌ಎ, ವೈದ್ಯಕೀಯ ಬೋಧನೆಯ ಎಂಎಚ್‌ಪಿಇ ಇವೆಲ್ಲ ಒಂದರ ಪಕ್ಕ ಒಂದು ನಿಂತಾಗ ಹೆಚ್ಚು ಕಡಿಮೆ ಒಂದೇ ಬಗೆಯವು ಎಂದು ತೋರುತ್ತದೆ. ಓದಿ ಮುಗಿಸಿದ ಮೇಲೆ ಇವು ಕೊಂಡೊಯ್ಯುವ ಕೆಲಸಗಳು ಮಾತ್ರ ಬಹಳ ಬೇರೆ. ಅದಕ್ಕಿಂತ ಹೆಚ್ಚು ತೊಡಕಿನ ಸಂಗತಿಯೆಂದರೆ, ಒಂದೇ ಹೆಸರಿನ ಪದವಿ ಒಂದು ವಿಶ್ವವಿದ್ಯಾಲಯದಲ್ಲಿ ಅಂಕಿಅಂಶಗಳ ವಿಶ್ಲೇಷಣೆಯ ತರಬೇತಿಯಾಗಿದ್ದರೆ ಇನ್ನೊಂದರಲ್ಲಿ ಸಮುದಾಯದ ನಡುವೆ ಕಾರ್ಯಕ್ರಮ ನಡೆಸುವ ತರಬೇತಿಯಾಗಿರುತ್ತದೆ.

ಹಾಗಾಗಿ ಹೆಸರಿನಿಂದ ಹೊರಡದೆ ಕೆಲಸದಿಂದ ಹೊರಡುವುದು ಒಳ್ಳೆಯದು. ಓದು ಮುಗಿದ ಐದು ವರ್ಷಗಳ ನಂತರ ಒಂದು ಸಾಮಾನ್ಯ ದಿನ ನೀವು ಏನು ಮಾಡುತ್ತಿರಬೇಕೆಂದು ಬಯಸುತ್ತೀರೋ ಅದನ್ನು ನಾಲ್ಕೈದು ವಾಕ್ಯಗಳಲ್ಲಿ ಬರೆಯಿರಿ. ಆ ವಾಕ್ಯಗಳಲ್ಲಿ ಹುದ್ದೆಯ ಹೆಸರು ಇರಬೇಕಿಲ್ಲ, ಕ್ರಿಯಾಪದಗಳು ಇರಬೇಕು. ರೋಗ ಎಲ್ಲಿ, ಯಾರಲ್ಲಿ, ಏಕೆ ಹೆಚ್ಚುತ್ತಿದೆ ಎಂದು ದತ್ತಾಂಶದಿಂದ ಕಂಡುಹಿಡಿಯುವುದೇ? ಜನರೊಂದಿಗೆ ಕುಳಿತು ಅವರ ಅಭ್ಯಾಸಗಳ ಬಗ್ಗೆ ಮಾತನಾಡುವುದೇ? ಶಾಲೆಯಲ್ಲಿ ಮಕ್ಕಳಿಗೆ ಆರೋಗ್ಯ ಪಾಠ ಮಾಡುವುದೇ? ಆಸ್ಪತ್ರೆಯೊಂದರ ಆಯವ್ಯಯ ಮತ್ತು ಸಿಬ್ಬಂದಿಯನ್ನು ನೋಡಿಕೊಳ್ಳುವುದೇ? ದಾದಿಯರು ಮತ್ತು ವೈದ್ಯರು ಕಲಿಯುವ ಪಠ್ಯಕ್ರಮವನ್ನು ರೂಪಿಸುವುದೇ? ಈ ಐದು ಪ್ರಶ್ನೆಗಳಿಗೆ ಐದು ಬೇರೆ ಪದವಿಗಳು ಉತ್ತರವಾಗುತ್ತವೆ.

ಮೊದಲೇ ಹೇಳಬೇಕಾದ ಒಂದು ಎಚ್ಚರಿಕೆ

ರೋಗಿಗಳಿಗೆ ನೇರವಾಗಿ ಚಿಕಿತ್ಸೆ ನೀಡಬೇಕೆಂಬುದೇ ನಿಮ್ಮ ಬಯಕೆಯಾಗಿದ್ದರೆ, ಆರೋಗ್ಯ ವಿಜ್ಞಾನದ ಸಾಮಾನ್ಯ ಸ್ನಾತಕೋತ್ತರ ಪದವಿ ಅದಕ್ಕೆ ದಾರಿಯಾಗುವುದಿಲ್ಲ. ಶುಶ್ರೂಷೆ, ಫಿಸಿಯೋಥೆರಪಿ, ವಾಕ್ ಮತ್ತು ಶ್ರವಣ ಚಿಕಿತ್ಸೆ, ಪಥ್ಯಶಾಸ್ತ್ರದಂತಹ ವೃತ್ತಿಗಳಿಗೆ ಬಹುತೇಕ ದೇಶಗಳಲ್ಲಿ ನೋಂದಣಿ ಅಥವಾ ಪರವಾನಗಿ ಬೇಕು. ಆ ಪರವಾನಗಿಗೆ ಯಾವ ಪದವಿ ಅರ್ಹ ಎಂಬುದನ್ನು ಆಯಾ ದೇಶದ ವೃತ್ತಿ ಮಂಡಳಿ ನಿರ್ಧರಿಸುತ್ತದೆಯೇ ಹೊರತು ವಿಶ್ವವಿದ್ಯಾಲಯವಲ್ಲ. ‘ಪುನಶ್ಚೇತನ ವಿಜ್ಞಾನ’ ಎಂಬ ಹೆಸರಿನಲ್ಲಿ ಎರಡು ವರ್ಷ ಓದಿ ಮುಗಿಸಿದವರಿಗೆ ಒಬ್ಬ ರೋಗಿಯ ಮೊಣಕಾಲಿಗೂ ಚಿಕಿತ್ಸೆ ಮಾಡುವ ಅಧಿಕಾರ ಸಿಗದಿರಬಹುದು, ಏಕೆಂದರೆ ಅದು ಸಂಶೋಧನೆಯ ಪದವಿಯಾಗಿರುತ್ತದೆ. ಅಮೆರಿಕದಲ್ಲಿ ಫಿಸಿಯೋಥೆರಪಿಯನ್ನು ಪ್ರವೇಶ ಹಂತದಲ್ಲೇ ಡಾಕ್ಟರೇಟ್ ಮಟ್ಟದಲ್ಲಿ ಕಲಿಸಲಾಗುತ್ತದೆ. ಬೇರೆ ಅನೇಕ ಕಡೆ ಸ್ನಾತಕ ಪದವಿಯೇ ವೃತ್ತಿಯ ಬಾಗಿಲು. ಹೀಗಾಗಿ ಕೆಲಸ ಮಾಡಬೇಕೆಂದಿರುವ ದೇಶದ ವೃತ್ತಿ ಮಂಡಳಿಯ ನಿಯಮಗಳನ್ನು ಮೊದಲು ಓದಿ, ಆಮೇಲೆ ವಿಶ್ವವಿದ್ಯಾಲಯದ ಕೈಪಿಡಿ ತೆರೆಯಬೇಕು.

ಎಂಪಿಎಚ್: ವಿಶಾಲವಾದ ಬಾಗಿಲು

ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಪದವಿ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಇದರ ಹಿನ್ನೆಲೆಯನ್ನು ಸ್ವಲ್ಪ ತಿಳಿದರೆ ಅದರ ಸ್ವಭಾವವೂ ಅರ್ಥವಾಗುತ್ತದೆ. 1915ರಲ್ಲಿ ವಿಲಿಯಂ ವೆಲ್ಚ್ ಮತ್ತು ವಿಕ್ಲಿಫ್ ರೋಸ್ ಅವರು ರಾಕ್‌ಫೆಲರ್ ಪ್ರತಿಷ್ಠಾನಕ್ಕಾಗಿ ಸಿದ್ಧಪಡಿಸಿದ ವರದಿಯು, ಜನಸಮೂಹದ ಆರೋಗ್ಯವನ್ನು ಕಾಯುವವರಿಗೆ ವೈದ್ಯಕೀಯ ಕಾಲೇಜಿನಿಂದ ಪ್ರತ್ಯೇಕವಾದ, ತನ್ನದೇ ಸಂಶೋಧನೆಯ ನೆಲೆಯುಳ್ಳ ಶಾಲೆ ಬೇಕೆಂದು ವಾದಿಸಿತು. ಅದರ ಫಲವಾಗಿ 1916ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಶಾಲೆ ಸ್ಥಾಪನೆಯಾಯಿತು. ಲಂಡನ್ನಿನಲ್ಲಿ 1899ರಲ್ಲೇ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಉಷ್ಣವಲಯದ ರೋಗಗಳ ಶಾಲೆಯನ್ನು ಆರಂಭಿಸಿದ್ದರು. ಅದು ಮುಂದೆ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಆಗಿ ಬೆಳೆಯಿತು. ಒಬ್ಬೊಬ್ಬ ರೋಗಿಯನ್ನು ಬಿಟ್ಟು ಇಡೀ ಜನಸಮೂಹವನ್ನು ಅಧ್ಯಯನದ ಘಟಕವಾಗಿ ನೋಡುವ ದೃಷ್ಟಿ ಎಂಪಿಎಚ್ ಪದವಿಗೆ ಇಂತಹ ಶಾಲೆಗಳಿಂದ ಬಂದಿದೆ. ಈ ಕಾರಣಕ್ಕೇ ವೈದ್ಯರು ಮಾತ್ರವಲ್ಲದೆ ಸಮಾಜಶಾಸ್ತ್ರ, ಎಂಜಿನಿಯರಿಂಗ್, ಅರ್ಥಶಾಸ್ತ್ರ, ಪತ್ರಿಕೋದ್ಯಮ ಓದಿದವರಿಗೂ ಅನೇಕ ಎಂಪಿಎಚ್ ಕೋರ್ಸುಗಳು ತೆರೆದಿರುತ್ತವೆ.

ಸಾಂಪ್ರದಾಯಿಕವಾಗಿ ಇದರ ತಳಹದಿ ಐದು ವಿಷಯಗಳು: ಎಪಿಡೆಮಿಯಾಲಜಿ (ಜನಸಮೂಹದಲ್ಲಿ ರೋಗ ಎಲ್ಲಿ, ಯಾರಲ್ಲಿ, ಏಕೆ ಬರುತ್ತದೆ ಎಂಬ ಅಧ್ಯಯನ), ಬಯೋಸ್ಟಾಟಿಸ್ಟಿಕ್ಸ್ (ಆರೋಗ್ಯ ದತ್ತಾಂಶದ ಸಂಖ್ಯಾಶಾಸ್ತ್ರ), ಪರಿಸರ ಆರೋಗ್ಯ, ಆರೋಗ್ಯ ನೀತಿ ಮತ್ತು ನಿರ್ವಹಣೆ, ಸಾಮಾಜಿಕ ಹಾಗೂ ವರ್ತನಾ ವಿಜ್ಞಾನ. ಅಮೆರಿಕದಲ್ಲಿ ಈ ಪದವಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ 1974ರಲ್ಲಿ ಸ್ಥಾಪನೆಯಾದ ಸಿಇಪಿಎಚ್. ಅದರ ನಿಯಮದಂತೆ ಎಂಪಿಎಚ್ ಪದವಿಗೆ ಕನಿಷ್ಠ 42 ಸೆಮಿಸ್ಟರ್ ಕ್ರೆಡಿಟ್‌ಗಳು ಬೇಕು, ತರಗತಿಯ ಹೊರಗೆ ಒಂದು ಸಂಸ್ಥೆಯಲ್ಲಿ ಮಾಡಿದ ಪ್ರಾಯೋಗಿಕ ಕೆಲಸವೂ ಇರಬೇಕು. ಈ ಕ್ಷೇತ್ರಕಾರ್ಯವನ್ನು ಬಹಳ ಜನ ಔಪಚಾರಿಕ ಭಾಗವೆಂದು ಕಡೆಗಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕೋರ್ಸನ್ನು ಆರಿಸುವಾಗ ಮೊದಲು ವಿಚಾರಿಸಬೇಕಾದದ್ದು ಅದನ್ನೇ. ಹಿಂದಿನ ವರ್ಷದ ವಿದ್ಯಾರ್ಥಿಗಳು ಎಲ್ಲಿ ಕೆಲಸ ಮಾಡಿದರು, ಆ ಜಾಗವನ್ನು ಇಲಾಖೆಯೇ ಹೊಂದಿಸಿಕೊಟ್ಟಿತೇ ಅಥವಾ ವಿದ್ಯಾರ್ಥಿಗಳೇ ಹುಡುಕಿಕೊಂಡರೇ, ಕೊನೆಗೆ ಅವರ ಕೈಯಲ್ಲಿ ಉಳಿದದ್ದು ಒಂದು ಪ್ರಮಾಣಪತ್ರವೇ ಅಥವಾ ಆ ಸಂಸ್ಥೆ ನಿಜವಾಗಿ ಬಳಸಿದ ಒಂದು ವರದಿಯೇ ಎಂದು ಕೇಳಬೇಕು.

ಎಂಪಿಎಚ್‌ನಲ್ಲಿ ವಿಶೇಷಾಧ್ಯಯನದ ಆಯ್ಕೆ ಬಹಳ ಮುಖ್ಯ. ಎಪಿಡೆಮಿಯಾಲಜಿ ನಿಮಗೆ ಒಗ್ಗುತ್ತದೆಯೇ ಎಂದು ನೋಡಲು ಒಂದು ಸಣ್ಣ ಲೆಕ್ಕವನ್ನು ಎತ್ತಿಕೊಳ್ಳಿ. ಒಂದು ಗುಂಪಿನಲ್ಲಿ 1,000 ಜನರಲ್ಲಿ 10 ಮಂದಿಗೂ ಇನ್ನೊಂದು ಗುಂಪಿನಲ್ಲಿ 1,000 ಜನರಲ್ಲಿ 20 ಮಂದಿಗೂ ಒಂದು ಕಾಯಿಲೆ ಬಂದಿದೆ ಎಂದುಕೊಳ್ಳೋಣ. ಎರಡನೆಯ ಗುಂಪಿನಲ್ಲಿ ಅಪಾಯ ಎರಡು ಪಟ್ಟು ಎಂದು ಹೇಳಿದರೂ ಸರಿ, ಸಾವಿರಕ್ಕೆ ಹತ್ತು ಜನ ಹೆಚ್ಚು ಎಂದು ಹೇಳಿದರೂ ಸರಿ. ಕೇಳಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಮಾತ್ರ ಪೂರ್ತಿ ಬೇರೆ. ಆ ಎರಡು ಗುಂಪುಗಳ ಸರಾಸರಿ ವಯಸ್ಸು ಒಂದೇ ಆಗಿತ್ತೇ, ಕಾಯಿಲೆಯನ್ನು ಎರಡೂ ಕಡೆ ಒಂದೇ ರೀತಿ ಪತ್ತೆ ಮಾಡಿದರೇ, ನಡುವೆ ಅಧ್ಯಯನ ಬಿಟ್ಟುಹೋದವರು ಯಾರು ಎಂಬ ಪ್ರಶ್ನೆಗಳು ನಿಮ್ಮಲ್ಲಿ ತಾವಾಗಿಯೇ ಏಳುತ್ತಿದ್ದರೆ, ಎಪಿಡೆಮಿಯಾಲಜಿ ಮತ್ತು ಬಯೋಸ್ಟಾಟಿಸ್ಟಿಕ್ಸ್ ಕಡೆಗೆ ಧೈರ್ಯವಾಗಿ ಹೋಗಬಹುದು. ಈ ಲೆಕ್ಕವನ್ನು ಜನರಿಗೆ ಹೇಗೆ ಹೇಳಿದರೆ ಅವರು ಹೆದರದೆ, ಅಸಡ್ಡೆಯನ್ನೂ ಮಾಡದೆ ಸರಿಯಾದ ನಿರ್ಧಾರಕ್ಕೆ ಬರುತ್ತಾರೆ ಎಂಬ ಪ್ರಶ್ನೆ ನಿಮ್ಮನ್ನು ಹೆಚ್ಚು ಕಾಡುತ್ತಿದ್ದರೆ, ನಿಮ್ಮ ಜಾಗ ಆರೋಗ್ಯ ಶಿಕ್ಷಣ.

ಆರೋಗ್ಯ ಶಿಕ್ಷಣ: ಒಂದೇ ಹೆಸರಿನ ಕೆಳಗೆ ಮೂರು ಕೆಲಸಗಳು

ಆರೋಗ್ಯ ಶಿಕ್ಷಣದ ಪದವಿಗಳನ್ನು ಹುಡುಕುವವರು ಮೂರು ಬೇರೆ ಕೆಲಸಗಳನ್ನು ಬಿಡಿಸಿ ನೋಡಬೇಕು. ಸಮುದಾಯದ ಜನರಿಗೆ ಆರೋಗ್ಯದ ತಿಳಿವಳಿಕೆ ಮತ್ತು ಕೌಶಲ ದೊರೆಯುವಂತೆ ಕಾರ್ಯಕ್ರಮ ರೂಪಿಸುವುದು ಒಂದು. ಶಾಲೆಯಲ್ಲಿ ಆರೋಗ್ಯವನ್ನು ಒಂದು ವಿಷಯವಾಗಿ ಬೋಧಿಸುವುದು ಇನ್ನೊಂದು. ವೈದ್ಯಕೀಯ, ಶುಶ್ರೂಷೆ ಮೊದಲಾದ ವೃತ್ತಿಗಳನ್ನು ಕಲಿಯುವವರಿಗೆ ಕಲಿಸುವ ವಿಧಾನವನ್ನು ಅಧ್ಯಯನ ಮಾಡುವುದು ಮೂರನೆಯದು. ಮೊದಲನೆಯದು ಸಾಮಾನ್ಯವಾಗಿ ಸಾರ್ವಜನಿಕ ಆರೋಗ್ಯದ ಶಾಲೆಯಲ್ಲಿ, ಎರಡನೆಯದು ಶಿಕ್ಷಣ ವಿಭಾಗದಲ್ಲಿ, ಮೂರನೆಯದು ವೈದ್ಯಕೀಯ ವಿಭಾಗದಲ್ಲಿ ಇರುತ್ತದೆ. ಶಾಲಾ ಬೋಧನೆಗೆ ಬಹುತೇಕ ಎಲ್ಲ ಕಡೆ ಶಿಕ್ಷಕ ಅರ್ಹತೆ ಪ್ರತ್ಯೇಕವಾಗಿ ಬೇಕಾಗುವುದರಿಂದ, ಎಂಎಡ್ ಪದವಿಯಲ್ಲಿ ಆ ಅರ್ಹತೆ ಸೇರಿದೆಯೇ ಅಥವಾ ಅದು ಮೊದಲೇ ಇದ್ದವರಿಗೆ ಮಾತ್ರ ಪ್ರವೇಶವೇ ಎಂಬುದನ್ನು ನೋಡಿಕೊಳ್ಳಬೇಕು.

ಸಮುದಾಯದ ಆರೋಗ್ಯ ಶಿಕ್ಷಣದ ಬಗ್ಗೆ ಸ್ವಲ್ಪ ಹೆಚ್ಚು ಹೇಳುವ ಅಗತ್ಯವಿದೆ, ಏಕೆಂದರೆ ಇದನ್ನು ಕರಪತ್ರ ಹಂಚುವ, ಭಾಷಣ ಮಾಡುವ ಹಗುರವಾದ ಕೆಲಸವೆಂದು ಭಾವಿಸುವವರು ಈಗಲೂ ಇದ್ದಾರೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಕ್ಷಯರೋಗವನ್ನು ಬೇಗ ಪತ್ತೆಹಚ್ಚಲು ಎಕ್ಸ್‌ರೇ ವಾಹನಗಳನ್ನು ಜನವಸತಿಯ ಹತ್ತಿರಕ್ಕೇ ಕಳುಹಿಸಿತು. ಪರೀಕ್ಷೆ ಉಚಿತವಾಗಿತ್ತು, ಆದರೂ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಏಕೆ ಎಂದು ಗಾಡ್ಫ್ರೆ ಹಾಕ್ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮೊದಲಾದ ಸಾಮಾಜಿಕ ಮನೋವಿಜ್ಞಾನಿಗಳು ಅಧ್ಯಯನ ಮಾಡಿದರು. ತನಗೂ ಈ ರೋಗ ಬರಬಹುದು ಎಂಬ ನಂಬಿಕೆ ಮತ್ತು ಬೇಗ ಪತ್ತೆಯಾದರೆ ಪ್ರಯೋಜನವಿದೆ ಎಂಬ ನಂಬಿಕೆ ಇವೆರಡೂ ಇದ್ದವರು ಪರೀಕ್ಷೆಗೆ ಬರುವ ಸಂಭವ ಬಹಳ ಹೆಚ್ಚು ಎಂಬುದು ಹೊರಬಿತ್ತು. ಆರೋಗ್ಯ ನಂಬಿಕೆ ಮಾದರಿ ಎಂದು ಇಂದು ಪ್ರತಿ ವಿದ್ಯಾರ್ಥಿ ಓದುವ ಸಿದ್ಧಾಂತ ಹುಟ್ಟಿದ್ದು ಹೀಗೆ. ಸೌಲಭ್ಯ ಮನೆ ಬಾಗಿಲಿಗೆ ಬಂದರೂ ಜನ ಏಕೆ ಬರುವುದಿಲ್ಲ ಎಂಬ ಆ ಪ್ರಶ್ನೆ ಇವತ್ತಿಗೂ ಲಸಿಕೆಯ ವಿಷಯದಲ್ಲಿ, ಕ್ಯಾನ್ಸರ್ ತಪಾಸಣೆಯ ವಿಷಯದಲ್ಲಿ ಹಾಗೆಯೇ ಎದುರಿಗಿದೆ.

ಒಳ್ಳೆಯ ಕೋರ್ಸು ಇಂತಹ ಸಿದ್ಧಾಂತಗಳನ್ನು ಹೆಸರು ಹೇಳಿ ಮುಗಿಸುವುದಿಲ್ಲ, ಅವುಗಳಿಂದ ಕಾರ್ಯಕ್ರಮ ಕಟ್ಟುವುದನ್ನು ಕಲಿಸುತ್ತದೆ. ಲಾರೆನ್ಸ್ ಗ್ರೀನ್ ಮತ್ತು ಮಾರ್ಷಲ್ ಕ್ರೂಟರ್ ಬೆಳೆಸಿದ ಪ್ರಿಸೀಡ್–ಪ್ರೊಸೀಡ್ ಮಾದರಿಯಲ್ಲಿ ಯೋಜನೆ ಕೊನೆಯಿಂದ ಆರಂಭವಾಗುತ್ತದೆ: ಜನರ ಬದುಕಿನ ಗುಣಮಟ್ಟ ಹೇಗಿರಬೇಕು, ಅದಕ್ಕೆ ಅಡ್ಡಿಯಾಗಿರುವ ಆರೋಗ್ಯ ಸಮಸ್ಯೆ ಯಾವುದು, ಆ ಸಮಸ್ಯೆಯ ಹಿಂದಿರುವ ವರ್ತನೆ ಮತ್ತು ಪರಿಸರ ಯಾವುದು ಎಂದು ಹಿಂದಕ್ಕೆ ಹೋಗಿ, ಆಮೇಲೆ ಮಾತ್ರ ಏನು ಮಾಡಬೇಕೆಂದು ನಿರ್ಧರಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನವೊಂದು ಹೊರಡಿಸಿದ 1986ರ ಒಟ್ಟಾವಾ ಸನ್ನದು ವೈಯಕ್ತಿಕ ಕೌಶಲಗಳ ಜೊತೆಗೆ ನೀತಿ, ಪರಿಸರ, ಸಮುದಾಯದ ಶಕ್ತಿ ಮತ್ತು ಆರೋಗ್ಯ ಸೇವೆಗಳ ಮರುಹೊಂದಾಣಿಕೆಯನ್ನೂ ಆರೋಗ್ಯ ಸಂವರ್ಧನೆಯ ಕ್ಷೇತ್ರಗಳೆಂದು ಹೇಳಿತು. ಪಠ್ಯಕ್ರಮದಲ್ಲಿ ಬರಿಯ ‘ತಿಳಿವಳಿಕೆ ಮೂಡಿಸುವುದು’ ಎಂಬುದೇ ತುಂಬಿಕೊಂಡಿದ್ದು ನೀತಿ ಹಾಗೂ ಪರಿಸರದ ಮಾತೇ ಇಲ್ಲದಿದ್ದರೆ, ಆ ಪಠ್ಯಕ್ರಮ ಹಳೆಯದಾಗಿದೆ ಎಂದು ತಿಳಿಯಬಹುದು.

ಈ ಓದಿನಲ್ಲಿ ಕಲಿಯುವ ಒಂದು ಸಣ್ಣ ಕೆಲಸವನ್ನು ಹತ್ತಿರದಿಂದ ನೋಡೋಣ. ಅತಿಸಾರವಾದ ಮಗುವಿಗೆ ಓಆರ್‌ಎಸ್ ಕೊಡುವ ಬಗ್ಗೆ ಒಂದು ಕರಪತ್ರ ತಯಾರಾಗಿದೆ. ಒಂದು ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕದಡಿ, 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ ಎಂದು ಅದರಲ್ಲಿ ಬರೆದಿದೆ. ಅಚ್ಚಿಗೆ ಕಳುಹಿಸುವ ಮುನ್ನ ವಿದ್ಯಾರ್ಥಿ ಅದನ್ನು ಕೆಲವು ತಾಯಂದಿರಿಗೆ ಓದಲು ಕೊಟ್ಟು, ಈಗ ನೀವು ಏನು ಮಾಡುತ್ತೀರಿ, ನಿಮ್ಮ ಮಾತಿನಲ್ಲೇ ಹೇಳಿ ಎಂದು ಕೇಳಬೇಕು. ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಹೇಳಿ ತೋರಿಸಲು ಕೇಳಿದಾಗ, ಒಬ್ಬರು ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಲೋಟದಲ್ಲಿ ಕದಡುವ ಮಾತಾಡಬಹುದು, ಇನ್ನೊಬ್ಬರ ಮನೆಯಲ್ಲಿ ಒಂದು ಲೀಟರ್ ಅಳೆಯುವ ಪಾತ್ರೆಯೇ ಇಲ್ಲದಿರಬಹುದು. ಆಗ ಕರಪತ್ರದ ವಾಕ್ಯವೂ ಚಿತ್ರವೂ ಬದಲಾಗಬೇಕು. ಪೂರ್ವಪರೀಕ್ಷೆ ಎಂದು ಕರೆಯುವ ಈ ಕ್ರಮವನ್ನು ನಿಜವಾದ ಜನರೊಂದಿಗೆ ಮಾಡಿಸುವ ವಿಭಾಗವೂ, ಅದರ ವ್ಯಾಖ್ಯೆಯನ್ನು ಪರೀಕ್ಷೆಯಲ್ಲಿ ಬರೆಸಿ ಬಿಡುವ ವಿಭಾಗವೂ ಒಂದೇ ಹೆಸರಿನ ಪದವಿ ಕೊಡುತ್ತವೆ. ಎರಡನೆಯದರಿಂದ ದೂರವಿರುವುದೇ ಲೇಸು.

ಅಮೆರಿಕದಲ್ಲಿ ಈ ವೃತ್ತಿಗೆ ಸಿಎಚ್‌ಇಎಸ್ ಎಂಬ ಪ್ರಮಾಣೀಕರಣವಿದೆ. ಪರೀಕ್ಷೆಗೆ ಕೂರಲು ಆರೋಗ್ಯ ಶಿಕ್ಷಣದಲ್ಲಿ ಪದವಿ ಇರಬೇಕು, ಇಲ್ಲವೇ ಬೇರೆ ಪದವಿಯ ಜೊತೆಗೆ ಈ ವೃತ್ತಿಯ ಹೊಣೆಗಾರಿಕೆಗಳಿಗೆ ಸಂಬಂಧಿಸಿದ 25 ಸೆಮಿಸ್ಟರ್ ಕ್ರೆಡಿಟ್‌ಗಳ ಓದು ಇರಬೇಕು. ಅಗತ್ಯಗಳ ಅಂದಾಜು, ಯೋಜನೆ, ಅನುಷ್ಠಾನ, ಮೌಲ್ಯಮಾಪನ ಮತ್ತು ಸಂಶೋಧನೆ, ಪ್ರತಿಪಾದನೆ, ಸಂವಹನ, ನಾಯಕತ್ವ ಮತ್ತು ನಿರ್ವಹಣೆ, ನೀತಿಸಂಹಿತೆ ಎಂಬ ಎಂಟು ಹೊಣೆಗಾರಿಕೆಗಳನ್ನು ಅದು ಪರೀಕ್ಷಿಸುತ್ತದೆ. ಆ ದೇಶದಲ್ಲಿ ಕೆಲಸ ಮಾಡುವ ಉದ್ದೇಶ ಇಲ್ಲದವರಿಗೂ ಈ ಪಟ್ಟಿ ಉಪಯುಕ್ತ: ನೋಡುತ್ತಿರುವ ಕೋರ್ಸಿನ ವಿಷಯಗಳನ್ನು ಇದರ ಪಕ್ಕ ಇಟ್ಟರೆ ಎಲ್ಲಿ ಕೊರತೆಯಿದೆ ಎಂದು ಕೂಡಲೇ ಕಾಣುತ್ತದೆ. ಹೆಚ್ಚಾಗಿ ಕಾಣುವ ಕೊರತೆ ಮೌಲ್ಯಮಾಪನದ್ದು.

ವೃತ್ತಿಶಿಕ್ಷಣದ ಪದವಿ, ಅಂದರೆ ಎಂಎಚ್‌ಪಿಇ, ಈಗಾಗಲೇ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಬೋಧಿಸುತ್ತಿರುವ ವೈದ್ಯರು, ದಾದಿಯರು, ದಂತವೈದ್ಯರು, ಔಷಧತಜ್ಞರಿಗಾಗಿ ಇದೆ. 1975ರಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವಿವರಿಸಿದ ಓಸ್ಕಿ ಪರೀಕ್ಷಾ ವಿಧಾನದಲ್ಲಿ ವಿದ್ಯಾರ್ಥಿಗಳು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುತ್ತ, ಪ್ರತಿ ಕಡೆ ನಿಗದಿತ ಸಮಯದಲ್ಲಿ ಒಂದು ಕೌಶಲವನ್ನು ಮಾಡಿ ತೋರಿಸುತ್ತಾರೆ. ಅಂತಹ ಪರೀಕ್ಷೆಯನ್ನು ರೂಪಿಸುವುದು, ಅದರ ಅಂಕಗಳು ಎಷ್ಟು ನಂಬಲರ್ಹ ಎಂದು ಪರಿಶೀಲಿಸುವುದು, 1969ರಲ್ಲಿ ಮೆಕ್‌ಮಾಸ್ಟರ್ ವೈದ್ಯಕೀಯ ಶಾಲೆ ಆರಂಭಿಸಿದ ಸಮಸ್ಯಾಧಾರಿತ ಕಲಿಕೆಯಂತಹ ಪಠ್ಯಕ್ರಮಗಳನ್ನು ಅಧ್ಯಯನ ಮಾಡುವುದು ಇಲ್ಲಿಯ ವಿಷಯ. ಇದನ್ನು ಅನೇಕ ವಿಶ್ವವಿದ್ಯಾಲಯಗಳು ಕೆಲಸದ ಜೊತೆಗೇ ಓದುವಂತೆ ಅರೆಕಾಲಿಕವಾಗಿ ನಡೆಸುತ್ತವೆ.

ಉಳಿದ ಆಯ್ಕೆಗಳು

ಆರೋಗ್ಯ ವಿಜ್ಞಾನದ ಎಂಎಸ್‌ಸಿ ಸಾಮಾನ್ಯವಾಗಿ ಒಂದೇ ವಿಷಯದಲ್ಲಿ ಆಳಕ್ಕೆ ಇಳಿಯುವ, ಮಹಾಪ್ರಬಂಧದಲ್ಲಿ ಮುಗಿಯುವ ಪದವಿ. ಮುಂದೆ ಪಿಎಚ್‌ಡಿ ಮಾಡಬೇಕೆನ್ನುವವರಿಗೆ ಎಂಪಿಎಚ್‌ಗಿಂತ ಇದು ನೇರವಾದ ದಾರಿ. ಆಡಳಿತದಲ್ಲಿ ಆಸಕ್ತಿಯಿದ್ದರೆ ಎಂಎಚ್‌ಎ, ಕಂಪ್ಯೂಟರ್ ಮತ್ತು ದಾಖಲೆ ವ್ಯವಸ್ಥೆಗಳಲ್ಲಿ ಆಸಕ್ತಿಯಿದ್ದರೆ ಹೆಲ್ತ್ ಇನ್ಫರ್ಮ್ಯಾಟಿಕ್ಸ್ ಸೂಕ್ತ. ಪೋಷಣಶಾಸ್ತ್ರ, ಪರಿಸರ ಆರೋಗ್ಯ, ಜಾಗತಿಕ ಆರೋಗ್ಯ, ಆರೋಗ್ಯ ಅರ್ಥಶಾಸ್ತ್ರಗಳಿಗೂ ಸ್ವತಂತ್ರ ಪದವಿಗಳಿವೆ. ಇನ್ನೂ ನಿರ್ಧಾರಕ್ಕೆ ಬಾರದವರು ಎರಡು ವರ್ಷದ ಪದವಿಗೆ ಹಾರುವ ಬದಲು ಸ್ನಾತಕೋತ್ತರ ಪ್ರಮಾಣಪತ್ರ ಅಥವಾ ಡಿಪ್ಲೊಮಾದಿಂದ ಆರಂಭಿಸಬಹುದು. ಅದರ ಕ್ರೆಡಿಟ್‌ಗಳನ್ನು ಮುಂದೆ ಪೂರ್ಣ ಪದವಿಗೆ ಸೇರಿಸಿಕೊಳ್ಳುತ್ತಾರೆಯೇ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಬೇಕು.

ಡಾಕ್ಟರೇಟ್ ಹಂತದಲ್ಲಿ ಪಿಎಚ್‌ಡಿ ಹೊಸ ಜ್ಞಾನವನ್ನು ಹುಟ್ಟಿಸುವ ಸಂಶೋಧಕರಿಗೆ, ಡಿಆರ್‌ಪಿಎಚ್ (ಸಾರ್ವಜನಿಕ ಆರೋಗ್ಯದ ವೃತ್ತಿಪರ ಡಾಕ್ಟರೇಟ್) ಕ್ಷೇತ್ರದಲ್ಲಿ ಅನುಭವ ಗಳಿಸಿ ಸಂಸ್ಥೆಗಳನ್ನು ಮುನ್ನಡೆಸಬೇಕೆನ್ನುವವರಿಗೆ, ಇಡಿಡಿ (ಶಿಕ್ಷಣದ ಡಾಕ್ಟರೇಟ್) ಶಿಕ್ಷಣ ಸಂಸ್ಥೆಗಳ ನಾಯಕತ್ವಕ್ಕೆ ಎಂದು ಸ್ಥೂಲವಾಗಿ ಹೇಳಬಹುದು. ಅಮೆರಿಕದ ಕೆಲವು ವಿಭಾಗಗಳು ಸ್ನಾತಕ ಪದವಿಯಿಂದಲೇ ಪಿಎಚ್‌ಡಿಗೆ ಸೇರಿಸಿಕೊಳ್ಳುತ್ತವೆ; ಯುರೋಪಿನಲ್ಲಿ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಮೊದಲು ಬೇಕು. ನೆದರ್ಲೆಂಡ್ಸ್ ಮತ್ತು ನಾರ್ಡಿಕ್ ದೇಶಗಳಲ್ಲಿ ಪಿಎಚ್‌ಡಿ ಬಹುಮಟ್ಟಿಗೆ ಸಂಬಳ ಬರುವ ಉದ್ಯೋಗವಾಗಿದ್ದು, ಅದಕ್ಕೆ ಕೆಲಸದ ಜಾಹೀರಾತಿನಂತೆಯೇ ಪ್ರಕಟಣೆ ಹೊರಡುತ್ತದೆ. ಬೋಧಕರನ್ನು ನೋಡದೆ ವಿಶ್ವವಿದ್ಯಾಲಯದ ಕೀರ್ತಿಯೊಂದನ್ನೇ ನೋಡಿ ಪಿಎಚ್‌ಡಿಗೆ ಸೇರಬಾರದು. ನಾಲ್ಕೈದು ವರ್ಷ ನಿಮ್ಮ ಕರಡುಗಳನ್ನು ಓದಬೇಕಾದವರು ಮಾರ್ಗದರ್ಶಕರು, ಕಟ್ಟಡವಲ್ಲ.

ಕೋರ್ಸಿನ ಕೈಪಿಡಿಯನ್ನು ಓದುವ ಕ್ರಮ

ಜಾಹೀರಾತಿನ ಪುಟವನ್ನು ಬದಿಗಿಟ್ಟು ವಿದ್ಯಾರ್ಥಿ ಕೈಪಿಡಿಯನ್ನು ತರಿಸಿಕೊಳ್ಳಿ. ಕಡ್ಡಾಯ ವಿಷಯಗಳೆಷ್ಟು, ಐಚ್ಛಿಕಗಳೆಷ್ಟು, ಆ ಐಚ್ಛಿಕಗಳು ಪ್ರತಿ ವರ್ಷ ನಡೆಯುತ್ತವೆಯೇ, ಕ್ಷೇತ್ರಕಾರ್ಯಕ್ಕೆ ಎಷ್ಟು ಗಂಟೆ, ಮಹಾಪ್ರಬಂಧಕ್ಕೆ ಎಷ್ಟು ಕ್ರೆಡಿಟ್ ಎಂಬುದು ಅದರಲ್ಲಿ ಸ್ಪಷ್ಟವಾಗಿರುತ್ತದೆ. ದೇಶದಿಂದ ದೇಶಕ್ಕೆ ಕ್ರೆಡಿಟ್‌ನ ಅಳತೆ ಬೇರೆ ಎಂಬುದನ್ನು ಮರೆಯಬಾರದು. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಪೂರ್ಣ ವರ್ಷದ ಓದಿಗೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ಕೆಲಸ. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿ 180 ಕ್ರೆಡಿಟ್‌ಗಳದ್ದು, ಅದು ಯುರೋಪಿನ ಲೆಕ್ಕದಲ್ಲಿ 90 ಆಗುತ್ತದೆ. ಒಂದು ವರ್ಷದ ಪದವಿ ಸಮಯವನ್ನೂ ವಾಸದ ಖರ್ಚನ್ನೂ ಉಳಿಸುತ್ತದೆ. ಆದರೆ ಕ್ಷೇತ್ರಕಾರ್ಯಕ್ಕೆ ಬಿಡುವು ಕಡಿಮೆ, ಮುಂದೆ ಪಿಎಚ್‌ಡಿಗೆ 120 ಇಸಿಟಿಎಸ್ ಕ್ರೆಡಿಟ್ ಕೇಳುವ ವಿಶ್ವವಿದ್ಯಾಲಯಗಳಲ್ಲಿ ಅದು ಸಾಲದೆಯೂ ಬರಬಹುದು.

ಮಾನ್ಯತೆಯನ್ನು ವಿಶ್ವವಿದ್ಯಾಲಯದ ಮಾತಿನಿಂದ ನಂಬದೆ, ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲೇ ಹುಡುಕಿ ನೋಡಬೇಕು. ಸಿಇಪಿಎಚ್‌ನ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ಲಭ್ಯವಿದೆ. ಯುರೋಪಿನ ಸಾರ್ವಜನಿಕ ಆರೋಗ್ಯ ಪದವಿಗಳಿಗೆ ಎಪಿಎಚ್‌ಇಎ ಎಂಬ ಸಂಸ್ಥೆಯಿದೆ. ವಿಶ್ವವಿದ್ಯಾಲಯವೇ ಅಧಿಕೃತವೋ ಅಲ್ಲವೋ ಎಂಬುದನ್ನು ಅಂತರರಾಷ್ಟ್ರೀಯ ವಿಶ್ವವಿದ್ಯಾಲಯಗಳ ಸಂಘ ನಿರ್ವಹಿಸುವ ಉನ್ನತ ಶಿಕ್ಷಣದ ವಿಶ್ವ ದತ್ತಕೋಶದಲ್ಲಿ ಪರಿಶೀಲಿಸಬಹುದು. ‘ಮಾನ್ಯತೆಗೆ ಅರ್ಜಿ ಸಲ್ಲಿಸಲಾಗಿದೆ’ ಎಂದರೆ ಮಾನ್ಯತೆ ದೊರೆತಿದೆ ಎಂದರ್ಥವಲ್ಲ. ದೂರಶಿಕ್ಷಣದ ಪದವಿಯಾಗಿದ್ದರೆ, ಸರ್ಕಾರಿ ಹುದ್ದೆಗೂ ಮುಂದಿನ ಓದಿಗೂ ಅದನ್ನು ನೀವು ಕೆಲಸ ಮಾಡಲಿರುವ ದೇಶ ಒಪ್ಪುತ್ತದೆಯೇ ಎಂಬುದನ್ನೂ ಸೇರುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಹಾಗೆಂದು ದೂರಶಿಕ್ಷಣ ಕಡಿಮೆಯದೇನೂ ಅಲ್ಲ. ಈಗಾಗಲೇ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುತ್ತಿರುವವರು ತಮ್ಮ ಕೆಲಸದ ಸಮಸ್ಯೆಯನ್ನೇ ಪಾಠದ ವಿಷಯವಾಗಿ ತರಬಲ್ಲರು, ಅವರಿಗೆ ಅದು ಪೂರ್ಣಾವಧಿಯ ಓದಿಗಿಂತ ಹೆಚ್ಚು ಕಲಿಸುವ ಸಾಧ್ಯತೆಯೂ ಇದೆ.

ಅರ್ಜಿಯ ಸಿದ್ಧತೆ

ಪ್ರವೇಶಕ್ಕೆ ಒಂದು ವರ್ಷದ ಮೊದಲೇ ಸಿದ್ಧತೆ ಆರಂಭಿಸುವುದು ಸೂಕ್ತ. ಗಣಿತವನ್ನು ಬಿಟ್ಟು ಬಹಳ ವರ್ಷವಾದವರು ಮೂಲ ಸಂಖ್ಯಾಶಾಸ್ತ್ರವನ್ನು ಮತ್ತೆ ಓದಬೇಕು: ಸರಾಸರಿ, ವಿಚಲನೆ, ಸಂಭವನೀಯತೆ, ವಿಶ್ವಾಸ ಅಂತರ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಉಚಿತ; ಒಂದು ಸಣ್ಣ ದತ್ತಾಂಶವನ್ನು ಅದರಲ್ಲಿ ಹಾಕಿ ಕೋಷ್ಟಕ ಮಾಡುವಷ್ಟು ಅಭ್ಯಾಸವಿದ್ದರೂ ಮೊದಲ ಸೆಮಿಸ್ಟರ್ ಬಹಳ ಹಗುರವಾಗುತ್ತದೆ. ಜಿಆರ್‌ಇ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಅಂಕಗಳನ್ನು ಕೇಳುವುದನ್ನು ಅಮೆರಿಕದ ಅನೇಕ ಸಾರ್ವಜನಿಕ ಆರೋಗ್ಯ ಶಾಲೆಗಳು ಬಿಟ್ಟಿವೆ, ಹಾಗಾಗಿ ಕೇಳದ ಪರೀಕ್ಷೆಗೆ ಹಣ ಕಟ್ಟುವ ಮೊದಲು ನೋಡಿಕೊಳ್ಳಿ. ಇಂಗ್ಲಿಷಿನ ಐಇಎಲ್‌ಟಿಎಸ್ ಮತ್ತು ಟೋಫೆಲ್ ಅಂಕಗಳಿಗೆ ಎರಡು ವರ್ಷದ ಅವಧಿ ಮಾತ್ರ ಇರುವುದರಿಂದ ಅವುಗಳನ್ನು ತೀರಾ ಮೊದಲೇ ಬರೆಯುವುದೂ ಸರಿಯಲ್ಲ. ಅಮೆರಿಕದ ಬಹಳಷ್ಟು ಶಾಲೆಗಳಿಗೆ ಸೋಫಾಸ್ ಎಂಬ ಒಂದೇ ವೇದಿಕೆಯ ಮೂಲಕ ಅರ್ಜಿ ಸಲ್ಲಿಸಬಹುದು.

ಉದ್ದೇಶ ಪತ್ರಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ‘ಬಾಲ್ಯದಿಂದಲೂ ಜನಸೇವೆ ಮಾಡುವ ಹಂಬಲ ನನ್ನದು’ ಎಂಬ ವಾಕ್ಯ ಆಯ್ಕೆ ಸಮಿತಿಗೆ ಏನನ್ನೂ ತಿಳಿಸುವುದಿಲ್ಲ. ‘ನಾನು ಕೆಲಸ ಮಾಡಿದ ಚಿಕಿತ್ಸಾಲಯದಲ್ಲಿ ಅಧಿಕ ರಕ್ತದೊತ್ತಡದವರು ತಲೆನೋವು ನಿಂತ ಕೂಡಲೇ ಮಾತ್ರೆ ಬಿಡುತ್ತಿದ್ದರು, ಲಕ್ಷಣಗಳಿಲ್ಲದ ಕಾಯಿಲೆಯನ್ನು ಜನ ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂಬುದನ್ನು ಅಧ್ಯಯನ ಮಾಡಬೇಕೆಂದಿದ್ದೇನೆ’ ಎಂದು ಬರೆದರೆ, ಬರೆದವರು ಏನನ್ನು ಕಂಡಿದ್ದಾರೆ, ಏನನ್ನು ಕೇಳುತ್ತಿದ್ದಾರೆ, ಯಾವ ಬೋಧಕರ ಬಳಿ ಅವರಿಗೆ ಕೆಲಸವಿದೆ ಎಂಬುದು ಎರಡೇ ಸಾಲಿನಲ್ಲಿ ತಿಳಿಯುತ್ತದೆ. ಆರಂಭದಲ್ಲಿ ನೀವು ಬರೆದಿಟ್ಟ ಕ್ರಿಯಾಪದಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯಲ್ಲಿದ್ದು ನಿಮ್ಮ ಹೆಸರನ್ನಷ್ಟೇ ಬಲ್ಲವರಿಂದ ಪಡೆಯುವುದಕ್ಕಿಂತ, ನಿಮ್ಮ ಕೆಲಸವನ್ನು ತಿದ್ದಿದ, ನೀವು ಆ ತಿದ್ದುಪಡಿಯನ್ನು ಹೇಗೆ ಸ್ವೀಕರಿಸಿದಿರಿ ಎಂದು ಹೇಳಬಲ್ಲ ಮೇಲಧಿಕಾರಿಯಿಂದ ಪಡೆಯುವುದು ಮೇಲು. ಅವರಿಗೆ ಕನಿಷ್ಠ ಒಂದು ತಿಂಗಳ ಸಮಯ ಕೊಡಿ, ಉದ್ದೇಶ ಪತ್ರದ ಪ್ರತಿಯನ್ನೂ ಕಳುಹಿಸಿ.

ಹಣ ಮತ್ತು ಸಮಯದ ಲೆಕ್ಕ

ಬೋಧನಾ ಶುಲ್ಕವೊಂದನ್ನೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ವಾಸ, ವಿಮೆ, ಕ್ಷೇತ್ರಕಾರ್ಯದ ಪ್ರಯಾಣ, ಓದುವ ಅವಧಿಯಲ್ಲಿ ಕೈಬಿಟ್ಟುಹೋಗುವ ಸಂಬಳ ಎಲ್ಲವನ್ನೂ ಕೂಡಿಸಬೇಕು. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಓದಿನ ವೆಚ್ಚವನ್ನು ಭರಿಸುತ್ತದೆ, ಜೊತೆಗೆ ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳಿ ಎರಡು ವರ್ಷ ಇರಬೇಕೆಂಬ ಷರತ್ತನ್ನು ಹಾಕುತ್ತದೆ. ಕಾಮನ್‌ವೆಲ್ತ್, ಫುಲ್‌ಬ್ರೈಟ್, ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಗಳಿಗೂ ತಮ್ಮವೇ ಆದ ಅರ್ಹತೆ ಮತ್ತು ಷರತ್ತುಗಳಿವೆ. ಇವುಗಳ ಅರ್ಜಿಯ ಗಡುವು ಅನೇಕ ವೇಳೆ ವಿಶ್ವವಿದ್ಯಾಲಯದ ಗಡುವಿಗಿಂತ ತಿಂಗಳುಗಟ್ಟಲೆ ಮೊದಲೇ ಮುಗಿದುಹೋಗುತ್ತದೆ. ಪ್ರವೇಶ ಸಿಕ್ಕ ಮೇಲೆ ಹಣ ಹುಡುಕೋಣ ಎನ್ನುವವರಿಗೆ ಆ ವರ್ಷ ಬಾಗಿಲು ಮುಚ್ಚಿರುತ್ತದೆ.

ಇನ್ನೊಂದು ಗಡುವು ಓದಿನ ಒಳಗೇ ಇದೆ. ಮನುಷ್ಯರಿಂದ ಮಾಹಿತಿ ಸಂಗ್ರಹಿಸುವ ಯಾವುದೇ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು, ಅದಕ್ಕೆ ವಾರಗಳಿಂದ ತಿಂಗಳುಗಳವರೆಗೂ ಹಿಡಿಯಬಹುದು. ಬೇರೊಂದು ದೇಶದಲ್ಲಿ ಮಾಹಿತಿ ಸಂಗ್ರಹಿಸುವುದಾದರೆ ಸಾಮಾನ್ಯವಾಗಿ ಎರಡೂ ಕಡೆಯ ಅನುಮತಿ ಬೇಕಾಗುತ್ತದೆ. ಒಂದು ವರ್ಷದ ಕೋರ್ಸಿನಲ್ಲಿ ಇದಕ್ಕೆ ಸಮಯ ಸಾಲದೆ ಕೊನೆಗೆ ವಿಷಯವನ್ನೇ ಬದಲಿಸುವವರು ಇದ್ದಾರೆ. ಹಾಗಾಗಿ ಈಗಾಗಲೇ ಲಭ್ಯವಿರುವ ದತ್ತಾಂಶದ ಮೇಲೆ ಮಹಾಪ್ರಬಂಧ ಬರೆಯಲು ಅವಕಾಶವಿದೆಯೇ, ಅಂತಹ ದತ್ತಾಂಶ ವಿಭಾಗದ ಬಳಿ ಇದೆಯೇ, ಮಾರ್ಗದರ್ಶಕರನ್ನು ಯಾವ ತಿಂಗಳಲ್ಲಿ ಗೊತ್ತುಮಾಡುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಈಗ ಅಲ್ಲಿ ಓದುತ್ತಿರುವ ವಿದ್ಯಾರ್ಥಿಯೊಬ್ಬರಿಗೆ ಬರೆದು ಕೇಳಿ, ಉತ್ತರ ಬಂದ ಮೇಲೆಯೇ ಶುಲ್ಕದ ಮೊದಲ ಕಂತನ್ನು ಕಟ್ಟಬೇಕು.